ಮನೆಯ ತೊಟ್ಟಿಯಲ್ಲಿ ಕಡಲಹೂ

ಸಮುದ್ರದಲ್ಲಿ ಹವಳದ ದಿಬ್ಬಗಳ ನಡುವೆ ಬಂಡೆಯೊಂದನ್ನು ಕಚ್ಚಿಕೊಂಡು, ಎಸಳುಗಳಂತಹ ನೂರಾರು ಅವಯವಗಳನ್ನು ಹರಡಿ, ನೀರಿನ ಸೆಳೆತಕ್ಕೆ ತಕ್ಕಂತೆ ತೂಗುತ್ತಿರುವ ಜೀವಿಯೊಂದುಂಟು. ಮೊದಲು ನೋಡಿದವರು ಅದನ್ನು ಹೂವೆಂದೇ ಭಾವಿಸುವುದು ಸಹಜ. ಪಾಶ್ಚಾತ್ಯರು ತಮ್ಮ ತೋಟಗಳ ಹೂವೊಂದರ ಹೆಸರನ್ನೇ ಇದಕ್ಕೂ ಇಟ್ಟು ಸೀ ಅನೆಮೊನಿ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಮೂಲಕ್ಕೆ ಗಾಳಿ ಎಂಬ ಅರ್ಥವಿದೆ. ನಾವು ಕಡಲಹೂ ಎಂದು ಕರೆದರೆ ತಪ್ಪಾಗಲಾರದು. ಆದರೆ ಹೆಸರಿಗೆ ಮಾತ್ರವೇ ಇದು ಹೂ; ನಿಜದಲ್ಲಿ ಇದು ಬೇಟೆಯಾಡಿ ಉಣ್ಣುವ ಪ್ರಾಣಿ, ಹವಳಗಳಿಗೂ ಲೋಳೆಮೀನುಗಳಿಗೂ ಸಮೀಪದ ನಂಟು.

ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಕೆಲವು ಮನೆಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಗಳು ಕಾಣಬರುತ್ತಿವೆ. ಅಂತಹ ತೊಟ್ಟಿಯುಳ್ಳವರಿಗೆ ಇಂದಲ್ಲ ನಾಳೆ ಕಡಲಹೂವಿನ ಮೇಲೆ ಮನಸ್ಸು ಹೋಗುತ್ತದೆ. 2003ರಲ್ಲಿ ಬಂದ ನೀಮೋ ಎಂಬ ಮರಿಮೀನಿನ ಚಲಚ್ಚಿತ್ರವನ್ನು ಕಂಡ ಮಕ್ಕಳಿದ್ದರಂತೂ ಹೇಳಬೇಕಾದುದೇ ಇಲ್ಲ. ಹಾಗೆ ಮನೆಗೆ ತಂದ ಕಡಲಹೂಗಳಲ್ಲಿ ಹಲವು ಕೆಲವೇ ವಾರಗಳಲ್ಲಿ ಕುಗ್ಗಿ, ಬಿಳುಚಿಕೊಂಡು, ಕೊಳೆತುಹೋಗುತ್ತವೆ. ಹೂವೆಂದು ತಂದವರು ಹೂಕುಂಡದಂತೆ ತಮಗೆ ಚೆಂದ ಕಂಡ ಮೂಲೆಯಲ್ಲಿ ಅದನ್ನು ಇಡುತ್ತಾರೆ. ಮೀನಿನಂತೆ ಎಣಿಸಿದವರು ನೀರಿಗೆ ಬಿಟ್ಟು, ಆಹಾರ ಚೆಲ್ಲಿ, ಸುಮ್ಮನಾಗುತ್ತಾರೆ. ಈ ಜೀವಿಯ ಸ್ವಭಾವವೇನು, ಹೊಸ ಮನೆಯಲ್ಲಿ ಅದು ನೆಲೆಗೊಳ್ಳಬೇಕಾದರೆ ನಾವು ಮಾಡಬೇಕಾದುದೇನು, ಮಾಡಬಾರದುದೇನು ಎಂಬುದನ್ನು ಈಗ ವಿಚಾರ ಮಾಡೋಣ.

ಕಡಲಹೂಗಳಲ್ಲಿ ಸಾವಿರಕ್ಕೂ ಮಿಕ್ಕ ಜಾತಿಗಳಿವೆ. ಇವುಗಳ ದೇಹರಚನೆ ಬಲು ಸರಳ. ಕೆಳಗೆ ನೆಲವನ್ನು ಹಿಡಿಯುವ ಚಪ್ಪಟೆಯಾದ ಪಾದ; ಅದರ ಮೇಲೆ ಕಂಬದಂತಹ ಮೈ; ಮೇಲ್ಗಡೆ ತಟ್ಟೆಯಂತಹ ಮುಖ, ಅದರ ನಡುವೆ ಒಂದೇ ಬಾಯಿ. ಉಣ್ಣುವುದೂ ಕಸವನ್ನು ಹೊರಹಾಕುವುದೂ ಆ ಒಂದೇ ದ್ವಾರದಿಂದ. ಬಾಯಿಯ ಸುತ್ತಲೂ ನಾವು ಎಸಳೆಂದು ಭ್ರಮಿಸುವ ಕರಬಳ್ಳಿಗಳು. ಮೆದುಳಿಲ್ಲ, ಎಲುಬಿಲ್ಲ, ಕಣ್ಣಿಲ್ಲ. ಆದರೂ ಬೆಳಕೆಲ್ಲಿದೆ, ನೀರು ಹೇಗೆ ಹರಿಯುತ್ತಿದೆ, ಕಾಲ ಕೆಳಗಿನ ನೆಲವೆಂತಹುದು ಎಂಬುದನ್ನು ಅದು ತಿಳಿಯಬಲ್ಲುದು. ಕರಬಳ್ಳಿಗಳ ಚರ್ಮದಲ್ಲಿ ಲೆಕ್ಕವಿಲ್ಲದಷ್ಟು ಕುಟುಕುಕೋಶಗಳಿವೆ. ಒಂದೊಂದರೊಳಗೂ ಸುರುಳಿ ಸುತ್ತಿದ ಸೂಕ್ಷ್ಮವಾದ ನಳಿಗೆಯಿರುತ್ತದೆ. ಬೇಟೆ ತಗುಲಿದ ಕೂಡಲೇ ಅದು ಹೊರಚಿಮ್ಮಿ ವಿಷವನ್ನು ಚುಚ್ಚುತ್ತದೆ. ಕಡಲಹೂವಿನ ನಂಟನಾದ ಹೈಡ್ರ ಎಂಬ ಸಿಹಿನೀರಿನ ಜೀವಿಯಲ್ಲಿ ಈ ಚಿಮ್ಮುವಿಕೆಯನ್ನು ವಿಜ್ಞಾನಿಗಳು ಅತಿವೇಗದ ಕ್ಯಾಮರಾದಿಂದ ಅಳೆದು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆ ವೇಳೆಯಲ್ಲಿ ಅದು ಮುಗಿಯುವುದೆಂದು 2006ರಲ್ಲಿ ಪ್ರಕಟಿಸಿದರು.

ಬೇಟೆಯೊಂದೇ ಇದರ ಜೀವನೋಪಾಯವಲ್ಲ. ಮನೆಯ ತೊಟ್ಟಿಗೆ ಬರುವ ಉಷ್ಣವಲಯದ ದೊಡ್ಡ ಕಡಲಹೂಗಳ ಮೈಯೊಳಗೆ ಏಕಕೋಶದ ಕಂದುಬಣ್ಣದ ಪಾಚಿಗಳು ವಾಸಮಾಡುತ್ತವೆ. ಇವು ಬೆಳಕಿನ ನೆರವಿನಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ಬಹುಪಾಲನ್ನು ತಮಗೆ ಆಶ್ರಯವಿತ್ತ ಪ್ರಾಣಿಗೆ ಒಪ್ಪಿಸುತ್ತವೆ. ಪ್ರಾಣಿಯ ಉಸಿರಿನಿಂದಲೂ ಕಸದಿಂದಲೂ ತಮಗೆ ಬೇಕಾದುದನ್ನು ಪಡೆಯುತ್ತವೆ. ನೀರು ಮಿತಿಮೀರಿ ಬಿಸಿಯಾದರೆ, ಬೆಳಕು ಸಾಲದೆ ಹೋದರೆ, ಇಲ್ಲವೆ ಲವಣಾಂಶ ಒಮ್ಮೆಗೇ ಏರುಪೇರಾದರೆ, ಈ ಒಕ್ಕಲುಗಳು ಮನೆ ಬಿಟ್ಟು ಹೊರಡುತ್ತವೆ. ಆಗ ಕಡಲಹೂ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ಕಂಡ ಹಾಲುಬಣ್ಣದ ಕಡಲಹೂವನ್ನು ಎಷ್ಟು ಚೆಲುವೆಂದು ಕೊಂಡುತರುವವರು, ಅದರ ಒಳಗಿನ ಉಗ್ರಾಣ ಬರಿದಾಗಿದೆಯೆಂಬುದನ್ನು ಅರಿಯರು.

ಇಷ್ಟು ಸುಕುಮಾರವಾದ ಪ್ರಾಣಿ ಎಷ್ಟು ಕಾಲ ಬದುಕೀತು ಎಂದು ಕೇಳಬಹುದು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯಲ್ ಎಂಬ ವಿದ್ವಾಂಸನು 1828ರಲ್ಲಿ ತನ್ನ ನಾಡಿನ ಕಡಲತೀರದಿಂದ ಒಂದು ಕೆಂಪು ಕಡಲಹೂವನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದನು. ಆತನು 1851ರಲ್ಲಿ ತೀರಿಕೊಂಡನು, ಕಡಲಹೂ ತೀರಲಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತ, ನೂರಾರು ಮರಿಗಳನ್ನು ಹೆರುತ್ತ, ಎಡಿನ್‌ಬರೊ ನಗರದಲ್ಲಿ ಅಜ್ಜಿ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧವಾಗಿ, 1887ರ ಆಗಸ್ಟ್ ತಿಂಗಳಿನಲ್ಲಿ ಸತ್ತಿತು. ಪಾತ್ರೆಯೊಳಗೆ ಅದು ಕಳೆದುದು 59 ವರ್ಷ! ಅದು ತಂಪುನೀರಿನ ಜಾತಿ. ಮೈಯೊಳಗೆ ಪಾಚಿಯ ಒಕ್ಕಲಿಲ್ಲದುದರಿಂದ ವಿಶೇಷವಾದ ದೀಪವೂ ಅದಕ್ಕೆ ಬೇಕಿರಲಿಲ್ಲ. ಮೇಲಿಂದ ಮೇಲೆ ಬದಲಾಯಿಸಿದ ಸಮುದ್ರದ ನೀರು, ಮಿತವಾದ ಆಹಾರ, ನೆಮ್ಮದಿ, ಇವಿಷ್ಟೇ ಅದರ ಉಪಚಾರ. ಕೆಲವು ವಾರಗಳಲ್ಲಿ ಸಾಯುವುದು ಕಡಲಹೂವಿನ ಹಣೆಯಬರಹವಲ್ಲ ಎಂಬುದಕ್ಕೆ ಈ ಅಜ್ಜಿಯೇ ಸಾಕ್ಷಿ.

ಇದೇ ಕಾಲದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು 1854ರಲ್ಲಿ ಅಕ್ವೇರಿಯಂ ಎಂಬ ಹೆಸರಿನ ಗ್ರಂಥವನ್ನೂ, 1860ರಲ್ಲಿ ಬ್ರಿಟಿಷ್ ಕಡಲಹೂಗಳನ್ನು ಕುರಿತ ಚಿತ್ರಸಹಿತವಾದ ಗ್ರಂಥವನ್ನೂ ಪ್ರಕಟಿಸಿದನು. ಮನೆಮನೆಯಲ್ಲಿ ಸಮುದ್ರದ ತೊಟ್ಟಿಯನ್ನಿಡುವ ಹುಚ್ಚು ಹಬ್ಬಿತು. ಜನರು ಬುಟ್ಟಿ, ಉಳಿಗಳನ್ನು ಹಿಡಿದು ಕಡಲತೀರಕ್ಕೆ ನುಗ್ಗಿದರು. ಸೌಂದರ್ಯದಿಂದ ತುಂಬಿದ್ದ ಬಂಡೆಗಳ ಕುಳಿಗಳು ಬರಿದಾದುವೆಂದು ಆತನ ಮಗನು ತರುವಾಯ ವಿಷಾದದಿಂದ ಬರೆದನು. ಪ್ರೀತಿಯಿಂದ ಮಾಡಿದ ಕೆಲಸವೂ ಪ್ರೀತಿಸಿದ ವಸ್ತುವಿಗೆ ಕೇಡನ್ನು ತರಬಹುದು. ಆದುದರಿಂದ ಒಂದು ಕಡಲಹೂವನ್ನು ಕೊಳ್ಳುವ ಮೊದಲು, ಅದನ್ನು ಬದುಕಿಸುವ ಸಾಮರ್ಥ್ಯ ನಮ್ಮ ತೊಟ್ಟಿಗುಂಟೆ ಎಂದು ಕೇಳಿಕೊಳ್ಳತಕ್ಕದ್ದು.

ತೊಟ್ಟಿಯ ಸಿದ್ಧತೆ ಕಡಲಹೂ ಬರುವುದಕ್ಕೆ ಬಹು ಮೊದಲೇ ಆರಂಭವಾಗಬೇಕು. ಹೊಸದಾಗಿ ನೀರು ತುಂಬಿದ ತೊಟ್ಟಿ ನೋಡುವುದಕ್ಕೆ ನಿರ್ಮಲವಾಗಿರಬಹುದು. ಆದರೆ ಅದು ಇನ್ನೂ ಎಳೆಯದು. ಮೀನುಗಳ ಕಸದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿಯೂ ಮರಳಿನಲ್ಲಿಯೂ ನೆಲಸುವುದಕ್ಕೆ ಕಾಲ ಬೇಕು. ಆ ಬಳಿಕವೂ ನೀರಿನ ಗುಣ ಒಂದೇ ಸಮನೆ ನಿಲ್ಲಲು ತಿಂಗಳುಗಳೇ ಹಿಡಿಯುತ್ತವೆ. ತೊಟ್ಟಿಯನ್ನು ಸ್ಥಾಪಿಸಿ ಕನಿಷ್ಠ 6 ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಳೆಯುವವರೆಗೆ ಕಡಲಹೂವನ್ನು ತರಬಾರದೆಂಬುದು ಅನುಭವಶಾಲಿಗಳ ಮತ. ತೊಟ್ಟಿ ದೊಡ್ಡದಾದಷ್ಟೂ ಏರುಪೇರು ಕಡಮೆ. 150 ಲೀಟರಿಗೆ ಕಡಮೆಯಾದ ತೊಟ್ಟಿಯಲ್ಲಿ ಈ ಸಾಹಸಕ್ಕೆ ಕೈಯಿಡದಿರುವುದು ಮೇಲು.

ನೀರಿನ ಲಕ್ಷಣಗಳನ್ನು ಅಂಕಿಗಳಲ್ಲಿ ಹೇಳುವುದಾದರೆ, ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್. ಲವಣಾಂಶ ಒಂದು ಕಿಲೋಗ್ರಾಂ ನೀರಿಗೆ ಸುಮಾರು 35 ಗ್ರಾಂ, ಎಂದರೆ ವಿಶಿಷ್ಟ ಗುರುತ್ವ 1.025 ಅಥವಾ 1.026, ಪಿಎಚ್ 8.1ರಿಂದ 8.4, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ ಅತ್ಯಲ್ಪ. ಈ ಅಂಕಿಗಳನ್ನು ಮುಟ್ಟುವುದಕ್ಕಿಂತಲೂ ಅವುಗಳಲ್ಲಿ ದಿನದಿನವೂ ಸ್ಥಿರವಾಗಿ ನಿಲ್ಲುವುದು ಮುಖ್ಯ. ಬೆಂಗಳೂರು, ಮೈಸೂರುಗಳಂತಹ ಒಳನಾಡಿನ ಊರುಗಳಲ್ಲಿ ಸಮುದ್ರದ ನೀರನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಸಮುದ್ರದ ಎಲ್ಲ ಲವಣಗಳನ್ನೂ ಹದವಾಗಿ ಬೆರಸಿದ ಪುಡಿಯನ್ನೇ ಬಳಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರೀನ್ ಇರುವುದರಿಂದ ಆರ್‌ಓ ಯಂತ್ರದಲ್ಲಿ ಶೋಧಿಸಿದ ನೀರನ್ನು ತೆಗೆದುಕೊಳ್ಳಬೇಕು. ಅಡಿಗೆಮನೆಯ ಯಂತ್ರಗಳಲ್ಲಿ ಹಲವು ರುಚಿಗಾಗಿ ಲವಣಗಳನ್ನು ಮರಳಿ ಬೆರಸುವುದುಂಟು; ಅಳೆದು ನೋಡಿ ಬಳಸುವುದು ಲೇಸು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಆದುದರಿಂದ ಪ್ರತಿದಿನವೂ ತಗ್ಗಿದಷ್ಟು ಸಿಹಿನೀರನ್ನು ತುಂಬಿ, ಲವಣಾಂಶ ಏರದಂತೆ ನೋಡಿಕೊಳ್ಳಬೇಕು. ಬೇಸಗೆಯಲ್ಲಿ ನೀರಿನ ಮೇಲೆ ಬೀಸಣಿಗೆಯನ್ನೋ ತಂಪುಗೊಳಿಸುವ ಯಂತ್ರವನ್ನೋ ಅಳವಡಿಸಬೇಕು. ವಿದ್ಯುತ್ತು ನಿಂತಾಗ ಗಾಳಿಯೂಡಲು ಬ್ಯಾಟರಿಯ ಪಂಪೊಂದನ್ನು ಕೈಗೆಟುಕುವಂತೆ ಇಟ್ಟಿರಬೇಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧ ಕಡಲಹೂವಿಗೆ ಕಡುವಿಷ; ಅಂತಹ ಔಷಧವನ್ನು ಕಂಡ ತೊಟ್ಟಿ ಇದಕ್ಕೆ ತಕ್ಕ ಮನೆಯಲ್ಲ.

ಕಡಲಹೂ ತೊಟ್ಟಿಯೊಳಗೆ ನಡೆದಾಡುತ್ತದೆಂಬುದನ್ನು ಮರೆತವರಿಗೆ ನೀರು ನೂಕುವ ಪಂಪುಗಳೇ ಶತ್ರುಗಳಾಗುತ್ತವೆ. ಅಲೆದಾಡುವ ಕಡಲಹೂ ಪಂಪಿನ ಬಾಯಿಗೆ ಸಿಕ್ಕಿ ಛಿದ್ರವಾದರೆ ಅದರ ಚೂರುಗಳಿಂದಲೂ ವಿಷದಿಂದಲೂ ಇಡೀ ತೊಟ್ಟಿ ಕೆಟ್ಟುಹೋಗಬಹುದು. ಆದುದರಿಂದ ಪ್ರತಿಯೊಂದು ಪಂಪಿನ ಬಾಯಿಗೂ ಸ್ಪಂಜು ಅಥವಾ ಜಾಲರಿಯ ಹೊದಿಕೆಯನ್ನು ಮುಂಚಿತವಾಗಿ ಕಟ್ಟತಕ್ಕದ್ದು.

ಇನ್ನು ಆಯ್ಕೆಯ ವಿಚಾರ. ಕ್ಲೌನ್ ಮೀನುಗಳಿಗೆ ಆಶ್ರಯವೀಯುವ ಕಡಲಹೂಗಳೆಂದು ಶಾಸ್ತ್ರಜ್ಞರು ಹತ್ತು ಜಾತಿಗಳನ್ನು ಗುರುತಿಸಿರುತ್ತಾರೆ. ಅವುಗಳಲ್ಲಿ ಮನೆಯ ತೊಟ್ಟಿಗೆ ಹೆಚ್ಚು ಒಗ್ಗುವುದು ಎಂಟಕ್ಮೇಯ ಕ್ವಾಡ್ರಿಕಲರ್ ಎಂಬುದು. ಅದರ ಕರಬಳ್ಳಿಗಳ ತುದಿ ಹಲವು ವೇಳೆ ಗುಳ್ಳೆಯಂತೆ ಉಬ್ಬುವುದರಿಂದ ಅಂಗಡಿಗಳಲ್ಲಿ ಬಬಲ್ ಟಿಪ್ ಎಂದು ಕರೆಯುತ್ತಾರೆ. ಕಾರ್ಪೆಟ್ ಎನ್ನುವ ರತ್ನಗಂಬಳಿಯಂತಹ ಜಾತಿಗಳು ಅರ್ಧ ಮೀಟರಿಗೂ ಮಿಕ್ಕು ಅಗಲವಾಗಿ ಬೆಳೆದು, ತೊಟ್ಟಿಯ ಮೀನುಗಳನ್ನೇ ನುಂಗಬಲ್ಲವು. ಹೊಸಬರು ಅವುಗಳ ತಂಟೆಗೆ ಹೋಗದಿರುವುದು ಒಳ್ಳೆಯದು. ಬಬಲ್ ಟಿಪ್ ಜಾತಿಯಲ್ಲಿ ಇನ್ನೊಂದು ಗುಣವುಂಟು. ಅದು ತನ್ನನ್ನು ತಾನೇ ಉದ್ದುದ್ದವಾಗಿ ಸೀಳಿಕೊಂಡು ಎರಡಾಗುತ್ತದೆ. ಹೀಗೆ ತೊಟ್ಟಿಗಳಲ್ಲಿಯೇ ಹೆಚ್ಚಿದ ಸಂತತಿ ದೊರೆಯುತ್ತದೆ. ಅಂತಹುದನ್ನು ತಂದರೆ ಸಮುದ್ರದ ದಿಬ್ಬದಿಂದ ಒಂದು ಜೀವಿಯನ್ನು ಕಿತ್ತಂತಾಗುವುದಿಲ್ಲ. ತೊಟ್ಟಿಯ ಬಾಳು ಅದಕ್ಕೆ ಹೊಸದೂ ಅಲ್ಲ.

ಕೊಳ್ಳುವಾಗ ಬಾಯಿ ಬಿಗಿಯಾಗಿ ಮುಚ್ಚಿದೆಯೆ, ಪಾದ ಹರಿಯದೆ ಗಾಯವಿಲ್ಲದೆ ಇದೆಯೆ, ಕರಬಳ್ಳಿಗಳು ಆಹಾರಕ್ಕೆ ಅಂಟಿಕೊಳ್ಳುತ್ತವೆಯೆ ಎಂದು ನೋಡಬೇಕು. ಕಂದು, ಹಸುರು, ತಾಮ್ರವರ್ಣ, ಗುಲಾಬಿ, ಇವು ಸಹಜವಾದ ಬಣ್ಣಗಳು. ಉಜ್ವಲವಾದ ಹಳದಿಯೋ ನೀಲಿಯೋ ಮೈತುಂಬ ಒಂದೇ ಸಮನೆ ಇದ್ದರೆ ಬಣ್ಣದಲ್ಲಿ ಅದ್ದಿರುವ ಸಂಶಯವುಂಟು. ಕಲ್ಲಿನ ಚೂರಿಗೆ ಅಂಟಿಕೊಂಡಿರುವುದನ್ನು ಕಲ್ಲಿನೊಡನೆಯೇ ತರುವುದು ಅತ್ಯುತ್ತಮ. ಪಾದವನ್ನು ಕಿತ್ತು ಗಾಯಮಾಡುವ ಪ್ರಸಂಗವೇ ಬರುವುದಿಲ್ಲ.

ಮನೆಗೆ ತಂದ ದಿನ ಆತುರ ಸಲ್ಲದು. ದೀಪಗಳನ್ನು ಮಂದಗೊಳಿಸಿ, ಚೀಲವನ್ನು ಬಾಯಿ ಕಟ್ಟಿದಂತೆಯೇ ತೊಟ್ಟಿಯ ನೀರಿನ ಮೇಲೆ ಸುಮಾರು 20 ನಿಮಿಷ ತೇಲಬಿಟ್ಟರೆ ಎರಡು ನೀರಿನ ಉಷ್ಣತೆಯೂ ಸಮವಾಗುತ್ತದೆ. ತರುವಾಯ ಕಡಲಹೂವನ್ನು ಚೀಲದ ನೀರಿನ ಸಮೇತ ಒಂದು ಶುಭ್ರವಾದ ಪಾತ್ರೆಗೆ ಬಿಟ್ಟು, ಗಾಳಿಯೂಡುವ ಸಣ್ಣ ಕೊಳವೆಯ ಮೂಲಕ ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಬೇಕು. ಒಂದು ಗಂಟೆಯ ಅವಧಿಯಲ್ಲಿ ಪಾತ್ರೆಯ ನೀರು ಎರಡರಷ್ಟೋ ಮೂರರಷ್ಟೋ ಆಗಿ, ಲವಣಾಂಶ ತೊಟ್ಟಿಯದಕ್ಕೆ ಸಮವಾದರೆ ಸಾಕು. ಆಮೇಲೆ ಪ್ರಾಣಿಯನ್ನು ಮಾತ್ರ ತೊಟ್ಟಿಗೆ ಸೇರಿಸಿ, ದಾರಿಯಲ್ಲಿ ಕಲುಷಿತವಾದ ಆ ನೀರನ್ನು ಚೆಲ್ಲಿಬಿಡಬೇಕು. ಕೈಗೆ ರಬ್ಬರಿನ ಚೀಲವಿರಲಿ. ಈ ಪ್ರಾಣಿಯ ಕುಟುಕು ಕೆಲವರ ಚರ್ಮದ ಮೇಲೆ ಉರಿಬೊಕ್ಕೆಗಳನ್ನೆಬ್ಬಿಸುತ್ತದೆ. ತೊಟ್ಟಿಯಲ್ಲಿ ಕೈಯಿಟ್ಟ ಬಳಿಕ ತೊಳೆದುಕೊಳ್ಳದೆ ಕಣ್ಣನ್ನು ಮುಟ್ಟಲೇಕೂಡದು.

ಬಬಲ್ ಟಿಪ್ ಜಾತಿಗೆ ಬೇಕಾದುದು ಪಾದವನ್ನು ಅಡಗಿಸಿಕೊಳ್ಳಲು ಕಲ್ಲಿನ ಆಳವಾದ ಬಿರುಕು, ಕರಬಳ್ಳಿಗಳನ್ನು ಹರಡಲು ಬೆಳಕುಳ್ಳ ಬಯಲು. ಅಂತಹ ಬಿರುಕಿನ ಬಳಿ ಅದನ್ನು ಪಾದ ಕೆಳಗಾಗಿ ಇಟ್ಟು, ಅದು ಹಿಡಿಯುವವರೆಗೆ ನೀರು ನೂಕುವ ಪಂಪುಗಳನ್ನು ಒಂದೆರಡು ಗಂಟೆಗಳ ಕಾಲ ನಿಲ್ಲಿಸಬೇಕು. ಶೋಧಕ ಮಾತ್ರ ನಡೆಯುತ್ತಿರಲಿ. ಇಲ್ಲಿಗೆ ನಮ್ಮ ಕೈಕೆಲಸ ಮುಗಿಯಿತು. ಇನ್ನು ಮುಂದಿನದು ಕಡಲಹೂವಿನ ಕೆಲಸ.

ನಾವು ಇಟ್ಟ ಸ್ಥಳ ಅದಕ್ಕೆ ಒಪ್ಪದಿರಬಹುದು. ರಾತ್ರಿ ಕಲ್ಲಿನ ನೆತ್ತಿಯ ಮೇಲಿದ್ದುದು ಬೆಳಗಾಗುವಾಗ ಕಲ್ಲಿನ ಹಿಂಬದಿಗೆ ಸರಿದಿರಬಹುದು. ಮರುದಿನ ಗಾಜನ್ನೇ ಏರಬಹುದು. ಕೆಲವು ಒಂದೇ ದಿನದಲ್ಲಿ ನೆಲೆ ಹಿಡಿಯುತ್ತವೆ, ಕೆಲವು ವಾರಗಟ್ಟಲೆ ಅಲೆಯುತ್ತವೆ. ಒಡೆಯನ ಕಣ್ಣಿಗೆ ಚೆನ್ನಾಗಿ ಕಾಣುವ ಸ್ಥಳವೂ ಕಡಲಹೂವಿಗೆ ಹಿತವಾದ ಸ್ಥಳವೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಬೆಳಕು, ನೀರಿನ ಸೆಳೆತ, ಪಾದಕ್ಕೆ ಆಸರೆ, ಈ ಮೂರನ್ನೂ ಅದು ತಾನೇ ಪರೀಕ್ಷಿಸಿ ಆರಿಸಿಕೊಳ್ಳುತ್ತದೆ. ಪ್ರತಿ ಸಲವೂ ಅದನ್ನು ಕಿತ್ತು ಮೊದಲಿನ ಜಾಗಕ್ಕೆ ತಂದಿಡುವವರು ಅದರ ಪಾದವನ್ನು ಹರಿಯುತ್ತಾರೆ; ಹರಿದ ಪಾದಕ್ಕೆ ಕೊಳೆ ತಗುಲುತ್ತದೆ; ನೆಲೆಗಾಣಿಸಬೇಕೆಂಬ ಆತುರವೇ ನೆಲೆ ತಪ್ಪಿಸುತ್ತದೆ. ಅದು ಹಾದುಹೋಗುವಾಗ ನೆರೆಯ ಹವಳಗಳನ್ನು ಕುಟುಕುವುದರಿಂದ, ಸರಿಸುವುದಾದರೆ ಆ ನೆರೆಯವರನ್ನೇ ಸರಿಸತಕ್ಕದ್ದು. ಅಲೆದಾಟ ತಿಂಗಳಾದರೂ ನಿಲ್ಲದಿದ್ದರೆ ದೋಷ ಕಡಲಹೂವಿನದಲ್ಲ. ಬೆಳಕನ್ನೂ ನೀರನ್ನೂ ನಾವು ಮತ್ತೆ ಅಳೆದು ನೋಡಬೇಕು.

ಆರಂಭದ ದಿನಗಳಲ್ಲಿ ಅದರ ರೂಪವೂ ಗಳಿಗೆಗೊಂದು ಬಗೆಯಾಗಿರುತ್ತದೆ. ಬೆಳಗ್ಗೆ ತಟ್ಟೆಯಗಲ ಅರಳಿದ್ದುದು ಸಂಜೆಗೆ ನಿಂಬೆಯ ಗಾತ್ರಕ್ಕೆ ಕುಗ್ಗುತ್ತದೆ; ಬಾಯಿಯಿಂದ ಕಂದುಬಣ್ಣದ ಕಸವನ್ನು ಕಾರುತ್ತದೆ. ಹಳೆಯ ನೀರನ್ನು ಹೊರಹಾಕಿ ಹೊಸನೀರನ್ನು ತುಂಬಿಕೊಳ್ಳುವ ಕ್ರಮವೇ ಅದು. ಕುಗ್ಗಿ ಮತ್ತೆ ಅರಳುತ್ತಿರುವವರೆಗೆ ಭಯಕ್ಕೆ ಕಾರಣವಿಲ್ಲ. ಬಾಯಿ ದಿನಗಟ್ಟಲೆ ತೆರೆದೇ ಇದ್ದರೆ, ಒಳಗಿನ ಭಾಗಗಳು ಹೊರಚಾಚಿದರೆ, ಮುಟ್ಟಿದರೂ ಮುದುಡದೆ ಮೈ ಕರಗಿ ದುರ್ಗಂಧ ಬಂದರೆ, ಅದು ಸಾಯುತ್ತಿದೆಯೆಂದು ತಿಳಿದು ಕೂಡಲೇ ಹೊರತೆಗೆಯಬೇಕು. ತಡಮಾಡಿದರೆ ಉಳಿದ ಜೀವಿಗಳಿಗೂ ಅಪಾಯ. ದೀಪದ ಬೆಳಕನ್ನು ಮೊದಲ ಒಂದೆರಡು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸುತ್ತ ಬಂದು, ದಿನಕ್ಕೆ 8ರಿಂದ 10 ಗಂಟೆಗಳ ಪೂರ್ಣಪ್ರಕಾಶಕ್ಕೆ ತರಬೇಕು.

ಆಹಾರದಲ್ಲಿಯೂ ಮಿತವೇ ಹಿತ. ದೂರದ ಪಯಣದಿಂದ ಬಳಲಿದ ಅತಿಥಿಗೆ ಬಂದ ಗಳಿಗೆಯಲ್ಲೇ ಔತಣ ಬಡಿಸಿದರೆ ಅದಕ್ಕೆ ಅರಗದು. ಪಾದ ನೆಲೆಗೊಂಡು, ಕರಬಳ್ಳಿಗಳು ಚೆನ್ನಾಗಿ ಅರಳಿದ ಮೇಲೆ, ಎಂದರೆ ಸುಮಾರು ಒಂದು ವಾರದ ತರುವಾಯ, ಸಣ್ಣ ಸೀಗಡಿಯ ಚೂರನ್ನೋ ಮೀನಿನ ಚೂರನ್ನೋ ಇಕ್ಕಳದಿಂದ ಕರಬಳ್ಳಿಗೆ ತಾಗಿಸಬೇಕು. ಚೂರು ಅದರ ಬಾಯಿಗಿಂತ ದೊಡ್ಡದಾಗಿರಕೂಡದು. ವಾರಕ್ಕೆ ಒಂದೆರಡು ಸಲ ಸಾಕು. ಉಗುಳಿದುದನ್ನು ತೊಟ್ಟಿಯಲ್ಲಿ ಕೊಳೆಯಬಿಡಬಾರದು.

ಇನ್ನುಳಿದುದು ಕ್ಲೌನ್ ಮೀನು. ಕಡಲಹೂವಿನೊಳಗೆ ಮೀನುಗಳು ನಿರ್ಭಯವಾಗಿ ವಾಸಿಸುವ ವಿಚಿತ್ರವನ್ನು ಕಲಿಂಗ್‌ವುಡ್ ಎಂಬ ಪ್ರಕೃತಿಶಾಸ್ತ್ರಜ್ಞನು ಚೀನಾ ಸಮುದ್ರದಲ್ಲಿ ಕಂಡು 1868ರಲ್ಲಿ ಲೋಕಕ್ಕೆ ವರದಿಮಾಡಿದನು. ಮೀನಿನ ಮೈಮೇಲಿನ ಲೋಳೆಯ ವಿಶೇಷದಿಂದ ಅದಕ್ಕೆ ಕುಟುಕು ತಗುಲುವುದಿಲ್ಲ. ಮೀನಿಗೆ ಆಶ್ರಯ, ಕಡಲಹೂವಿಗೆ ತನ್ನನ್ನು ಕಚ್ಚುವ ಬೇರೆ ಮೀನುಗಳಿಂದ ರಕ್ಷಣೆ, ಒಳಗಿನ ಪಾಚಿಗಳಿಗೆ ಮೀನಿನ ಕಸದಿಂದ ಗೊಬ್ಬರ. ಹೀಗಿದ್ದರೂ ಹೊಸ ಕಡಲಹೂವಿಗೆ ಮೀನಿನ ಸಂಗ ಒಡನೆಯೇ ಬೇಡ; ದಿನವೆಲ್ಲ ಮೈಯುಜ್ಜುವ ಮೀನನ್ನು ತಾಳುವಷ್ಟು ಬಲ ಅದಕ್ಕೆ ಆಗ ಇರುವುದಿಲ್ಲ. ಕೆಲವು ವಾರಗಳು ಕಳೆದು ಅದು ನೆಲೆನಿಂತ ಮೇಲೆ ಮೀನನ್ನು ಬಿಡಬಹುದು. ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಕ್ಲೌನ್ ಮೀನು ಕಡಲಹೂವಿನ ಕಡೆ ತಿರುಗಿಯೂ ನೋಡದಿರಬಹುದು. ಅದರಿಂದ ಎರಡಕ್ಕೂ ಕೊರತೆಯಿಲ್ಲ. ಸಮುದ್ರದಲ್ಲಿ ಇಂತಿಂತಹ ಮೀನಿಗೆ ಇಂತಿಂತಹ ಕಡಲಹೂ ಎಂಬ ನಿಯಮವೂ ಉಂಟು. ನೀಮೋ ಚಿತ್ರದಿಂದ ಹೆಸರಾದ ಬಗೆಯ ಮೀನಿಗೆ ಬಬಲ್ ಟಿಪ್ ನಿಸರ್ಗದ ಮನೆಯಲ್ಲ. ಆದರೂ ತೊಟ್ಟಿಯಲ್ಲಿ ಹಲವು ವೇಳೆ ಅದನ್ನು ಒಪ್ಪಿಕೊಳ್ಳುವುದುಂಟು.

ಲಕ್ಷದ್ವೀಪ, ಅಂಡಮಾನ್ ಮತ್ತು ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳಲ್ಲಿ ಈ ದೊಡ್ಡ ಕಡಲಹೂಗಳು ಸ್ವತಂತ್ರವಾಗಿ ಬಾಳುತ್ತಿವೆ. ದಿಬ್ಬಗಳನ್ನು ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದುವು. ಅವನ್ನು ಕಿತ್ತು ತರುವುದು ಅಪರಾಧ. ಆದುದರಿಂದ ತೊಟ್ಟಿಯ ಕಲ್ಲುಗಳು ಕೃತಕವಾದುವೇ ಆಗಿರಲಿ. ಸಮುದ್ರ ಬಿಸಿಯೇರಿದ 1998, 2010 ಮತ್ತು 2016ರ ವರ್ಷಗಳಲ್ಲಿ ಲಕ್ಷದ್ವೀಪದ ಹವಳಗಳು ವಿಸ್ತಾರವಾಗಿ ಬಿಳುಚಿಕೊಂಡುವು. ತೊಟ್ಟಿಯಲ್ಲಿ ಒಂದೆರಡು ಡಿಗ್ರಿಗಳ ಏರಿಕೆ ಕಡಲಹೂವಿಗೆ ಮಾಡುವುದನ್ನೇ ಅಲ್ಲಿ ಇಡೀ ದಿಬ್ಬಕ್ಕೆ ಸಮುದ್ರದ ಕಾವು ಮಾಡಿತು. ಮನೆಯ ತೊಟ್ಟಿಯಲ್ಲಿ ಒಂದು ಕಡಲಹೂವನ್ನು ಹತ್ತಾರು ವರ್ಷ ಬಾಳಿಸಿದವರಿಗೆ ಈ ಸಂಗತಿ ಬರಿಯ ವಾರ್ತೆಯಾಗಿ ಉಳಿಯುವುದಿಲ್ಲ.

ಒಟ್ಟಿನಲ್ಲಿ, ಕಡಲಹೂವನ್ನು ನೆಲೆಗೊಳಿಸುವುದರಲ್ಲಿ ನಮ್ಮ ಪಾಲಿನ ದುಡಿಮೆಯೆಲ್ಲ ಅದು ಬರುವುದಕ್ಕೆ ಮೊದಲೇ ಮುಗಿದಿರಬೇಕು. ಬಂದ ಮೇಲೆ ಬೇಕಾದುದು ಅಳೆಯುವ ಕಣ್ಣು, ತಡೆದುಕೊಳ್ಳುವ ಕೈ. ಈ ಎರಡೂ ನಮ್ಮಲ್ಲಿದ್ದರೆ ಸ್ಥಳವನ್ನು ಅದೇ ಹುಡುಕಿಕೊಳ್ಳುತ್ತದೆ.